ಹಸಿರು ದೇಶದ ಪರವಾಗಿ ನಿನ್ನ ಅಮ್ಮ

ಅಂಗಡಿಯ ಹಿಂದಿನ ಕೋಣೆ,
ನವೆಂಬರ್, ಎರಡನೆಯ ಭಾನುವಾರ, ಮಧ್ಯಾಹ್ನ

ನನ್ನ ಅಳಿಲೇ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ, ಇಲ್ಲ ನನಗೆ ಹೇಳದೆ ಹಾಗೇ ಎಳೆದುಕೊಂಡು ಓಡಾಡುತ್ತಿದ್ದೀಯೋ? ಮರಿಯ ಕೆಮ್ಮು ಹೇಗಿದೆ? ಅವಳ ತಲೆ ಒರೆಸುವಾಗ ಕಿವಿಯ ಹಿಂದೆ ಒರೆಸುವುದನ್ನು ಮರೆಯಬೇಡ; ಚಿಕ್ಕಂದಿನಲ್ಲಿ ನಿನಗೂ ನೆಗಡಿ ಅಲ್ಲಿಂದಲೇ ಒಳಗೆ ನುಗ್ಗುತ್ತಿತ್ತು ಎಂದು ನನ್ನ ನಂಬಿಕೆ, ಡಾಕ್ಟರು ಏನು ಬೇಕಾದರೂ ಹೇಳಿಕೊಳ್ಳಲಿ. ಅಳಿಯನ ಕಣ್ಣು? ದಿನವಿಡೀ ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರಗಳ ಹೊಟ್ಟೆ ಬಗೆಯುತ್ತ ಕೂತರೆ ಇನ್ನೊಂದು ಕಣ್ಣು ಸೋಮಾರಿಯಾಗುತ್ತದೆ, ಆಗಾಗ ಬದಲಾಯಿಸಿಕೊಳ್ಳಲು ಹೇಳು. ಊರವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿ ತಾನು ಮಾತ್ರ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಾರದ ಮನುಷ್ಯನನ್ನು ನೀನು ಮದುವೆಯಾದಾಗ ನಾನು ನಕ್ಕಿದ್ದೆ. ಈಗ ಅವನು ಎಷ್ಟು ತಡವಾಗಿ ಬಂದರೂ ನಾನು ಏನೂ ಅನ್ನುವುದಿಲ್ಲ, ಬಂದರೆ ಸಾಕು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹಳೆಯ ಮೇಜಿನ ಡ್ರಾಯರಿನ ಹಾಗೆ ಅರ್ಧಕ್ಕೆ ನಿಲ್ಲುತ್ತದೆ, ಬೈದರೆ ಮುಂದೆ ಬರುತ್ತದೆ.

ಹೋದ ಪತ್ರ ನಿನ್ನ ಕೈ ಸೇರಲು ತಿಂಗಳ ಮೇಲೆ ಹಿಡಿಯಿತು ಎಂದು ನೀನು ಬರೆದಿದ್ದೆ. ಹಿಡಿಯದೆ ಏನು ಮಾಡೀತು? ನಮ್ಮಿಬ್ಬರ ನಡುವೆ ಇರುವುದು ಒಂದು ನದಿ, ನಿಂತರೆ ಆಚೆ ದಡ ಕಾಣುವಷ್ಟೇ ಅಗಲ. ಆದರೆ ಪತ್ರ ಮೊದಲು ವಿಮಾನ ಹತ್ತಿ ಮೂರನೆಯ ದೇಶಕ್ಕೆ ಹೋಗಬೇಕು, ಅಲ್ಲಿ ಅಳಿಯನ ಚಿಕ್ಕಮ್ಮ ಲಕೋಟೆ ಬದಲಿಸಿ ತನ್ನ ಪತ್ರವೆಂಬಂತೆ ನಿನಗೆ ಕಳಿಸಬೇಕು. ಎರಡು ಸರ್ಕಾರಗಳು ಜಗಳವಾಡಿ ನದಿಯ ಸೇತುವೆ ಮುಚ್ಚಿದ ವಾರವೇ ಫೋನಿನ ಗಂಟಲನ್ನೂ ಹಿಸುಕಿದವು. ಇಷ್ಟಾದ ಮೇಲೂ ಈ ಕಡೆ ಒಬ್ಬರು ಒಡೆದು ಓದಿ ಅಂಟಿಸುತ್ತಾರೆ, ಆ ಕಡೆ ಇನ್ನೊಬ್ಬರು. ಅಂಟಿನ ಕೆಲಸ ನೋಡಿದರೆ ನಿಮ್ಮ ಕಡೆಯವರೇ ವಾಸಿ. ಒಡೆದು ಓದುವ ಅಣ್ಣನಿಗೂ ನನ್ನ ನಮಸ್ಕಾರ. ನಮ್ಮ ಮನೆಯ ಕೆಮ್ಮು ನೆಗಡಿಯನ್ನೆಲ್ಲ ಇಷ್ಟು ದಿನ ಓದಿದ ಮೇಲೆ ನೀವೂ ನಮ್ಮ ಮನೆಯವರೇ.

ನಿನ್ನ ಪ್ರಶ್ನೆ ನನ್ನ ಮುಂದೆಯೇ ಇದೆ, ಮರೆತಿಲ್ಲ. ಅಲ್ಲಿನ ಸರ್ಕಾರ ನಿನಗೆ ವರ್ಷದ ಕೊನೆಯವರೆಗೆ ಗಡುವು ಕೊಟ್ಟಿದೆ: ಅವರ ಪೌರತ್ವದ ಕಾಗದಕ್ಕೆ ಸಹಿ ಹಾಕಿ ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಿದರೆ ಮರಿಯ ಹೆಸರು ನೋಂದಣಿಯಾಗುತ್ತದೆ, ಅವಳಿಗೆ ಶಿಶುವಿಹಾರವಿದೆ, ಆಸ್ಪತ್ರೆಯಲ್ಲಿ ಚುಚ್ಚುಮದ್ದು ಇದೆ, ನಿನಗೆ ಕೆಲಸ ಮಾಡಲು ಪರವಾನಗಿ ಇದೆ, ವಾರವಾರವೂ ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತು ಹಾಜರಿ ಹಾಕುವುದು ತಪ್ಪುತ್ತದೆ. ಸಹಿ ಹಾಕದಿದ್ದರೆ ಇದು ಯಾವುದೂ ಇಲ್ಲ. ಆದರೆ ಹಾಕಿದರೆ ನಮ್ಮ ಕಡೆಯ ಕಾನೂನು ಸಿದ್ಧವಾಗಿ ಕೂತಿದೆ: ಆ ಕಾಗದ ಪಡೆದವರು ಸೇತುವೆ ತೆರೆದರೂ ಈ ದಡಕ್ಕೆ ಇನ್ನೆಂದೂ ಕಾಲಿಡುವಂತಿಲ್ಲ. "ಏನು ಮಾಡಲಿ ಅಮ್ಮಾ, ಕಾಯಲೋ ಸಹಿ ಹಾಕಲೋ, ನೀನು ಹೇಳಿದ ಹಾಗೆ ಮಾಡುತ್ತೇನೆ" ಎಂದು ಬರೆದಿದ್ದೀಯ. ಈವರೆಗೆ ನೀನು ಕೇಳಿದಾಗಲೆಲ್ಲ ನಾನು ಬರೆದದ್ದು ಒಂದೇ. ಕಾಯುತ್ತಿರು, ಮೊದಲು ಅವಸರ ತೋರಿಸಿದವರು ಸೋತರು. ಬೀದಿಬದಿಯಲ್ಲಿ ಮುರಿದ ಕುರ್ಚಿಯೊಂದನ್ನು ಮಾರಲು ಇಟ್ಟುಕೊಂಡು ನಿಂತ ದಿನದಿಂದ ನಾನು ಈ ಮಾತಿನ ಮೇಲೇ ಬದುಕಿದ್ದೇನೆ. ಈ ಮೇಜು ಕುರ್ಚಿಗಳ ಅಂಗಡಿ, ನಿನ್ನ ಓದು, ನಮ್ಮ ತಲೆಯ ಮೇಲಿನ ಸೂರು ಎಲ್ಲವೂ ನಾನು ಅವಸರ ತೋರಿಸದೆ ನಿಂತಿದ್ದರಿಂದ ಬಂದದ್ದು. ಉತ್ತರ ಬರೆಯುತ್ತೇನೆ, ಇರು. ಅದಕ್ಕೆ ಮೊದಲು ನನ್ನ ಕಾಲೇಜಿನ ಕಥೆ ಹೇಳಬೇಕು. ನಗಬೇಡ.

ಹೌದು, ಕಾಲೇಜು. ವಿಶ್ವವಿದ್ಯಾಲಯದ ಮೊದಲ ವರ್ಷ, ರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು, ಪರಿಚಯಾತ್ಮಕ ತರಗತಿ. ಸೇತುವೆಯ ವಿಷಯಕ್ಕೆ ನಾನು ಕಚೇರಿ ಕಚೇರಿ ಅಲೆದದ್ದು ನಿನಗೆ ಗೊತ್ತು. ಕೊನೆಯ ಕಿಟಕಿಯಲ್ಲಿ ಠಸ್ಸೆ ಹೊಡೆಯುವ ಗುಮಾಸ್ತ ಒಳ್ಳೆಯವನೇ, ಪಾಪ, ದಿನವಿಡೀ ನಮ್ಮಂಥವರ ಮುಖ ನೋಡಿ ಸೋತುಹೋಗಿದ್ದ. "ಇದು ಅಂತರರಾಷ್ಟ್ರೀಯ ಸಂಬಂಧಗಳ ವಿಷಯ ಅಮ್ಮಾ, ನನ್ನ ಕೈಲಿಲ್ಲ" ಅಂದ. ಹಾಗಾದರೆ ಯಾರ ಕೈಲಿದೆಯಪ್ಪಾ ಎಂದು ಕೇಳಿದೆ. "ಅದನ್ನ ಯೂನಿವರ್ಸಿಟಿಗೆ ಹೋಗಿ ಓದೇ ತಿಳ್ಕೋಬೇಕು" ಅಂದು ಪಕ್ಕದವನ ಕಡೆ ನೋಡಿ ನಕ್ಕ. ಅವನು ತಮಾಷೆಗೆ ಹೇಳಿದ್ದನ್ನು ನಾನು ವಿಳಾಸವೆಂದು ತೆಗೆದುಕೊಂಡೆ. ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಕಲಿಸುವ ಜಾಗವೊಂದಿದ್ದರೆ ಹೋಗಿ ಕಲಿಯುವುದು, ಕಲಿತು ನೆಟ್ಟಗೆ ಅವನ ಮನೆಗೇ ಹೋಗಿ ಬಾಗಿಲು ತಟ್ಟುವುದು, ಇಷ್ಟೇ ನನ್ನ ಲೆಕ್ಕಾಚಾರ. ವಯಸ್ಸಾದವರಿಗೂ ಸೀಟು ಕೊಡುತ್ತಾರಂತೆ, ಅರ್ಜಿ ತೆಗೆದುಕೊಂಡ ಹುಡುಗಿ "ಮೊಮ್ಮಕ್ಕಳಿಗಾ ಅಜ್ಜಿ?" ಎಂದು ಕೇಳಿದಳು. ಒಂದು ಲೆಕ್ಕದಲ್ಲಿ ಹೌದು ಎಂದೆ.

ಮೊದಲ ದಿನ ನಾನು ಒಳಗೆ ಕಾಲಿಟ್ಟದ್ದೇ ತಡ, ಇಡೀ ತರಗತಿ ಎದ್ದು ನಿಂತಿತು. ಮೇಡಂ ಎಂದುಕೊಂಡರು. ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಕೈಯಾಡಿಸಿ ನಾನೂ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಆಮೇಲೆ ನಿಜವಾದ ಮೇಡಂ ಬಂದರು, ಬೆನ್ನಿಗೆ ಚೀಲ ಹಾಕಿಕೊಂಡು, ನಿನಗಿಂತ ಚಿಕ್ಕವರು, ಯಾರೂ ಏಳಲಿಲ್ಲ. ಬೆಂಚುಗಳ ವಿಷಯ ಕೇಳಬೇಡ. ಕೂರುವ ಹಲಗೆಗೂ ಬರೆಯುವ ಹಲಗೆಗೂ ನಡುವೆ ಬೆಕ್ಕು ಕೂಡ ಸರಿಯಾಗಿ ಉಸಿರಾಡಲಾರದು. ಮಾಡಿಸಿದವನು ಮರದಲ್ಲಿ ಉಳಿಸಿದ್ದನ್ನೆಲ್ಲ ಮಕ್ಕಳ ಮೊಣಕಾಲಿನಿಂದ ವಸೂಲು ಮಾಡಿದ್ದಾನೆ. ನನ್ನ ಪಕ್ಕದಲ್ಲಿ ಕೂರುವವಳು ಗಿಣಿ. ಹೆಸರು ನಾನೇ ಇಟ್ಟದ್ದು. ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೇ ಒಪ್ಪಿಸುತ್ತಾಳೆ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೋ ದೇವರೇ ಬಲ್ಲ. ಒಳ್ಳೆಯ ಹುಡುಗಿ. ನನ್ನ ಕನ್ನಡಕ ಮರೆತ ದಿನ ಕಪ್ಪುಹಲಗೆಯನ್ನು ಓದಿ ಹೇಳುವವಳು ಅವಳೇ.

ಮೊದಲ ಪಾಠ ರಾಜ್ಯ ಎಂದರೇನು ಎಂಬುದು. ಜನ ಬೇಕು, ನೆಲ ಬೇಕು, ಸರ್ಕಾರ ಬೇಕು, ನಾಲ್ಕನೆಯದು ಸಾರ್ವಭೌಮತ್ವ. ಅಂದರೆ ನನ್ನ ಅಂಗಡಿಯೊಳಗೆ ನನ್ನ ಮಾತೇ ಕೊನೆ, ಹೊರಗಿನವನು ಬಂದು ಆ ಮೇಜನ್ನು ಅತ್ತ ಸರಿಸು ಎನ್ನುವಂತಿಲ್ಲ. ಇದು ನನಗೆ ಕೂಡಲೇ ಹಿಡಿಸಿತು. ಮುಂದಿನ ವಾರ ಹಿಡಿಸಲಿಲ್ಲ. ದೇಶದೊಳಗೆ ಜಗಳವಾದರೆ ಪೊಲೀಸಿದ್ದಾನೆ, ನ್ಯಾಯಾಲಯವಿದೆ. ದೇಶ ದೇಶಗಳ ನಡುವೆ ಜಗಳವಾದರೆ ಅವುಗಳ ಮೇಲೆ ಯಾರೂ ಇಲ್ಲ ಎಂದರು ಮೇಡಂ. ನಾನು ಕೈಯೆತ್ತಿ, ನಮ್ಮ ಬೀದಿಯಲ್ಲಿ ಒಬ್ಬ ಇನ್ನೊಬ್ಬನ ಗಿರಾಕಿಯನ್ನು ಎಳೆದರೆ ವರ್ತಕರ ಸಂಘಕ್ಕೆ ಹೋಗುತ್ತೇವೆ, ದೇಶಗಳಿಗೂ ಅಂಥ ಸಂಘವೊಂದು ಇರಲೇಬೇಕಲ್ಲ ಎಂದೆ. "ಇದೆ ಅಮ್ಮಾ, ದೊಡ್ಡ ಕಟ್ಟಡವೇ ಇದೆ. ಆದರೆ ನಿಮ್ಮ ಸಂಘದ ಅಧ್ಯಕ್ಷರ ಮಾತನ್ನ ಕೇಳದಿದ್ದರೆ ಏನಾಗುತ್ತೆ?" ಅಂಗಡಿಗೆ ಮಾಲು ಬಾರದ ಹಾಗೆ ಮಾಡುತ್ತಾರೆ ಎಂದೆ. "ಮಾತು ಕೇಳದವನೇ ಬೀದಿಗೆಲ್ಲ ಮಾಲು ಕೊಡುವವನಾಗಿದ್ದರೆ?" ಈ ಹುಡುಗಿ ಸುಮ್ಮನೆ ಮೇಡಂ ಆಗಿಲ್ಲ ಎಂದು ಅವತ್ತೇ ಗೊತ್ತಾಯಿತು.

ಇನ್ನೊಂದು ದಿನ ಹಲಗೆಯ ಮೇಲೆ ಒಂದರೊಳಗೊಂದು ಮೂರು ವೃತ್ತ ಬರೆದರು. ದೇಶಗಳ ನಡುವೆ ಏನಾದರೂ ಕೆಟ್ಟರೆ ಕಾರಣವನ್ನು ಮೂರು ಕಡೆ ಹುಡುಕಬಹುದಂತೆ: ಒಳಗಿನ ವೃತ್ತದಲ್ಲಿ ಮನುಷ್ಯ, ನಡುವಿನದರಲ್ಲಿ ದೇಶ, ಹೊರಗಿನದರಲ್ಲಿ ದೇಶಗಳೆಲ್ಲ ಸಿಕ್ಕಿಕೊಂಡಿರುವ ವ್ಯವಸ್ಥೆ. ನಾನು ಬಂದದ್ದೇ ಒಳಗಿನ ವೃತ್ತಕ್ಕಾಗಿ. ಒಂದು ಹೆಸರು, ಒಂದು ಮನೆ, ಒಂದು ಬಾಗಿಲು. ವಾರಗಳು ಕಳೆದಂತೆ ಮೇಡಂ ಹೊರಹೊರಕ್ಕೇ ಹೋಗುತ್ತಿದ್ದರು, ನನ್ನ ಬಾಗಿಲು ಚಿಕ್ಕದಾಗುತ್ತ ಹೋಯಿತು. ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು, ಅಳಿಲೇ! ಕೆಟ್ಟವನಿಗೂ ವಯಸ್ಸಾಗುತ್ತದೆ, ಅವನಿಗೂ ಮಂಡಿ ನೋಯುತ್ತದೆ, ಒಂದು ದಿನ ಅವನೂ ಹೋಗುತ್ತಾನೆ. ವ್ಯವಸ್ಥೆಗೆ ಮಂಡಿಯೇ ಇಲ್ಲ.

ಭದ್ರತೆಯ ಪಾಠದ ದಿನ ಮಾತ್ರ ನಾನು ಮಿಂಚಿದೆ. ನಮ್ಮ ಎದುರಂಗಡಿಯ ಹಾಸಿಗೆ ವ್ಯಾಪಾರಿ ಒಮ್ಮೆ ಕಳ್ಳರ ಭಯಕ್ಕೆ ನಾಯಿ ತಂದು ಕಟ್ಟಿದನಲ್ಲ, ನೆನಪಿದೆಯೇ? ಅದು ನಮ್ಮ ಕಡೆಯೇ ಗುರುಗುಟ್ಟುತ್ತದೆ ಎಂದು ನಾನೂ ಒಂದು ತಂದೆ. ನನ್ನದು ದೊಡ್ಡದೆಂದು ಅವನು ಇನ್ನೊಂದು ತಂದ. ಕಳ್ಳ ಯಾವತ್ತೂ ಬರಲಿಲ್ಲ, ಗಿರಾಕಿಗಳೂ ಬರಲಿಲ್ಲ. ಇದನ್ನು ಹೇಳಿದಾಗ ಮೇಡಂ ಸೀಮೆಸುಣ್ಣ ಕೆಳಗಿಟ್ಟು ನಕ್ಕರು. "ಸರಿ ಅಮ್ಮಾ, ಮೊದಲು ನಾಯಿ ಬಿಚ್ಚಬೇಕಾದವರು ಯಾರು?" ಎಂದು ಕೇಳಿದರು. "ಅವನೇ ಬಿಚ್ಚಬೇಕು!" ಬಾಯಿಂದ ತಾನಾಗಿಯೇ ಹೊರಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿಕೊಂಡು ನಕ್ಕರು, ನಾನೂ ನಕ್ಕೆ. ದಾರಿಯಲ್ಲಿ ಬರುತ್ತ ನಗು ಇಳಿಯಿತು.

ಈ ನಡುವೆ ಭಾನುವಾರಗಳ ಮಾತೊಂದಿದೆ. ನದಿಯ ದಂಡೆಗೆ ಹೋಗಿ ನಿಲ್ಲುತ್ತಿದ್ದೆವಲ್ಲ, ಆ ಕಡೆ ನೀವು, ಈ ಕಡೆ ನಾವು, ಎಲ್ಲರೂ ಇರುವೆಗಳ ಹಾಗೆ. ಒಬ್ಬರಿಗೊಬ್ಬರು ಗುರುತು ಹತ್ತಲೆಂದು ಜನ ಬಣ್ಣಬಣ್ಣದ ಬಟ್ಟೆ ಬೀಸುತ್ತಿದ್ದರು, ಕೊಡೆ ಬಿಚ್ಚುತ್ತಿದ್ದರು. ನಾನು ಮತ್ತು ನಮ್ಮ ಅಂಗಡಿಯ ಪಾಲಿಶ್ ಮಾಮ ಮಾತ್ರ ನಿನ್ನ ಹಳದಿ ಬೀರುವಿನ ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಹೋಗುತ್ತಿದ್ದೆವು. ಚಿಕ್ಕಂದಿನಲ್ಲಿ ನೀನು ಒಳಗೆ ಅಡಗಿ ಕೂತು, ಗಿರಾಕಿ ತೆರೆದಾಗ "ಇದು ಮಾರಾಟಕ್ಕಿಲ್ಲ!" ಎಂದು ಕಿರುಚುತ್ತಿದ್ದೆಯಲ್ಲ, ಅದೇ ಬೀರು; ನಿನಗೆ ಅಳಿಲು ಎಂದು ಹೆಸರು ಬಿದ್ದದ್ದೇ ಅಲ್ಲಿ. ಪಾಲಿಶ್ ಮಾಮ, ಪಾಪ, ಈ ವಯಸ್ಸಿನಲ್ಲಿ ಒಂದು ತುದಿ ಹಿಡಿದು, "ಯಜಮಾನ್ರೇ, ಜನ ಕರವಸ್ತ್ರ ಬೀಸ್ತಾರೆ, ನಾವು ಮನೆನೇ ಬೀಸ್ತೀವಿ" ಎಂದು ಗೊಣಗಿದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆ ಕಡೆ ಕೆಂಪು ಚುಕ್ಕೆಯೊಂದು ಮೇಲೆದ್ದರೆ ಅದು ಮರಿ. ನನ್ನ ಮೊಮ್ಮಗಳನ್ನು ನಾನು ನೋಡಿರುವುದು ಅಷ್ಟೇ: ಒಂದು ಕೆಂಪು ಚುಕ್ಕೆ, ಸ್ವಲ್ಪ ಅಲುಗುತ್ತಿತ್ತು. ಈಗ ಎರಡೂ ದಂಡೆಗೆ ತಗಡಿನ ಗೋಡೆ ಬಂದಿದೆ. ಯಾರು ಮೊದಲು ಹಾಕಿದರು ಎಂದು ಇಲ್ಲಿಯ ಪತ್ರಿಕೆ ಒಂದು ಹೇಳುತ್ತದೆ, ಅಲ್ಲಿಯದು ಇನ್ನೊಂದು ಹೇಳುತ್ತಿರಬೇಕು. ಬಾಗಿಲು ಅಂಗಡಿಯ ಮೂಲೆಯಲ್ಲಿ ಒರಗಿಕೊಂಡಿದೆ. ಬೀರು ಬಾಯಿ ಬಿಟ್ಟುಕೊಂಡು ನಿಂತಿದೆ. ಕೇಳಿದವರಿಗೆಲ್ಲ ಮಾರಾಟಕ್ಕಿಲ್ಲ ಎನ್ನುತ್ತೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕೊನೆಯ ತಿಂಗಳಲ್ಲಿ ಮಾತುಕತೆಯ ಅಭ್ಯಾಸವೊಂದಿರುತ್ತದೆ. ತರಗತಿಯನ್ನು ಎರಡು ದೇಶ ಮಾಡಿ, ಹಸಿರು ದೇಶ, ನೀಲಿ ದೇಶ, ಎದುರುಬದುರು ಕೂರಿಸಿ ಒಪ್ಪಂದ ಮಾಡಿಕೊಳ್ಳಿ ಎನ್ನುತ್ತಾರೆ. ಈ ಸಲದ ಕಥೆಯಲ್ಲಿ ಎರಡು ದೇಶಗಳ ನಡುವೆ ನದಿ ಇತ್ತು, ನದಿಯ ಮೇಲೆ ಮುಚ್ಚಿದ ಸೇತುವೆ ಇತ್ತು. ಮೇಡಂ ಹಿಂದಿನ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ಇದು ಹಳೇ ಪಾಠ ಅಮ್ಮಾ, ಬೇಕೂಂತ ಇಟ್ಟಿದ್ದಲ್ಲ. ನಿಮಗೆ ಕಷ್ಟ ಆದ್ರೆ ಸುಮ್ನೆ ನೋಡ್ತಾ ಕೂತಿರಿ" ಎಂದರು. ನೋಡುತ್ತ ಕೂರುವುದೇ! ನಾನು ಇಷ್ಟು ದಿನ ಮೊಣಕಾಲು ಸವೆಸಿದ್ದೇ ಇದಕ್ಕೆ. ಒಂದು ಸಲ ನನ್ನ ಕೈಯಾರೆ, ಆಟದಲ್ಲಾದರೂ, ಆ ಸೇತುವೆ ತೆರೆದು ನೋಡಬೇಕು. ಹೇಗೆ ತೆರೆಯುತ್ತದೆ ಎಂದು ಗೊತ್ತಾದರೆ ಹೊರಗಿನದಕ್ಕೂ ದಾರಿ ಹೊಳೆದೀತು. ಹಸಿರು ದೇಶದ ಪರವಾಗಿ ನಾನೇ ಮಾತಾಡುತ್ತೇನೆ ಎಂದೆ. ಎಲ್ಲರೂ ಒಪ್ಪಿದರು. ಬಾಯಿ ಇರುವವಳು ಇರುವಾಗ ಬೇರೆಯವರಿಗೇಕೆ ತೊಂದರೆ.

ಎರಡು ಮೇಜು ಕೂಡಿಸಿ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಬಟ್ಟೆಯ ಕೆಳಗೆ ಒಂದು ಮೇಜು ಗಿಡ್ಡ, ಇನ್ನೊಂದು ಎತ್ತರ, ಕೈಯಿಟ್ಟರೆ ಗೊತ್ತಾಗುತ್ತಿತ್ತು. ಬಣ್ಣದ ಪೆನ್ಸಿಲಿನಲ್ಲಿ ತೀಡಿದ ಕಾಗದದ ಬಾವುಟಗಳು, ನೀರಿನ ಲೋಟಗಳು. ಪ್ರತಿ ದೇಶಕ್ಕೂ ಅದರ ಹಿತಾಸಕ್ತಿ ಏನೆಂದು ಬರೆದ ಚೀಟಿ ಕೊಟ್ಟರು. ನಮ್ಮ ಚೀಟಿಯಲ್ಲಿ ಮೊದಲು ಅಣೆಕಟ್ಟಿನ ನೀರು, ಆಮೇಲೆ ಮೀನು ಹಿಡಿಯುವ ಹಕ್ಕು, ದೋಣಿಗಳ ತಪಾಸಣೆ. ತೀರ ಕೆಳಗೆ ಸೇತುವೆ: ತೆರೆದರೂ ಮುಚ್ಚಿದರೂ ನಮಗೆ ದೊಡ್ಡ ವ್ಯತ್ಯಾಸವಿಲ್ಲ, ಎದುರಿನವರಿಗೆ ತುಂಬ ಬೇಕಾಗಿದೆ. ಗಿಣಿ ನನ್ನ ಕಾರ್ಯದರ್ಶಿ. ಎದುರಿಗೆ ನೀಲಿ ದೇಶಕ್ಕೆ ಮುಖ್ಯಸ್ಥ ಕೊಕ್ಕರೆ, ಕತ್ತು ಕಾಲು ಎಲ್ಲ ಉದ್ದವಾಗಿರುವ ಮೃದು ಹುಡುಗ, ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಅವನು ಬಾಯಿ ತೆರೆದದ್ದೇ, "ನಮ್ಮ ಜನ ಸೇತುವೆಗಾಗಿ ತುಂಬಾ ಕಾಯ್ತಿದಾರೆ, ಮೊದಲು ಅದನ್ನ ಮಾತಾಡೋಣ" ಎಂದ.

ಆ ಮಾತು ಕಿವಿಗೆ ಬಿತ್ತು ನೋಡು, ನಾನು ಕಾಲೇಜಿನಿಂದ ಅಂಗಡಿಗೆ ಬಂದುಬಿಟ್ಟೆ. ನಿನಗೆ ಗೊತ್ತಲ್ಲ, ಗಿರಾಕಿ ಒಂದು ಕುರ್ಚಿಯ ತೋಳನ್ನು ಸವರಿ, ಅಂಗಡಿಯೆಲ್ಲ ಸುತ್ತಿ ಬಂದು ಮತ್ತೆ ಅದರ ತೋಳನ್ನೇ ಸವರಿದರೆ ಅವನು ಅದನ್ನು ಕೊಂಡಾಯಿತು. ಇನ್ನು ಉಳಿದದ್ದು ನಾನು ಎಷ್ಟು ಹೊತ್ತು ಆಕಳಿಸುತ್ತೇನೆ ಎಂಬುದು ಮಾತ್ರ. "ನೀರು ಕುಡೀರಿ ಸಾಹೇಬ್ರೇ, ಸೇತುವೆ ಎಲ್ಲಿಗೆ ಓಡಿಹೋಗುತ್ತೆ, ಅದನ್ನ ಕೊನೆಗೆ ನೋಡೋಣ" ಎಂದೆ. ಮೀನಿನ ಮಾತು ತೆಗೆದೆ, ದೋಣಿಯ ದೀಪದ ಮಾತು ತೆಗೆದೆ. ಅವನು ನೀರು ಬಿಟ್ಟುಕೊಟ್ಟ. ಅದಕ್ಕೆ ಅಲ್ಲೇ ಸಹಿಯಾಯಿತು. ಮೀನು ಕೊಟ್ಟ, ಸಹಿ. ತಪಾಸಣೆಗೆ ಒಪ್ಪಿದ, ಸಹಿ. ಪ್ರತಿ ಸಲವೂ "ಈಗ ಸೇತುವೆ?" ಎಂದು ಕೇಳುತ್ತಿದ್ದ, ಪ್ರತಿ ಸಲವೂ ನಾನು ನನ್ನ ಕನ್ನಡಕ ಒರೆಸುತ್ತಿದ್ದೆ. ಚೀಟಿಯಲ್ಲಿದ್ದುದೆಲ್ಲ ಬಂತು. ಗಿಣಿ ನನ್ನ ಮೊಣಕೈ ಎಳೆದು, "ಆಂಟೀ, ಕೊಟ್ಬಿಡಿ, ನಾವು ಆಗ್ಲೇ ಗೆದ್ದಾಯ್ತು" ಎಂದು ಪಿಸುಗುಟ್ಟಿದಳು. "ಇರು, ಇನ್ನೊಂದು ಬರುತ್ತೆ" ಎಂದೆ.

ನಕ್ಷೆಯಲ್ಲಿ ನದಿಯ ನಡುವೆ ಒಂದು ಮರಳಿನ ದಿಬ್ಬ ಬರೆದಿದ್ದರು. ಬೇಸಿಗೆಯಲ್ಲಿ ಮಾತ್ರ ಮೇಲೆ ಬರುತ್ತದೆ, ಏನೂ ಬೆಳೆಯುವುದಿಲ್ಲ, ಯಾರ ಚೀಟಿಯಲ್ಲೂ ಅದರ ಹೆಸರಿರಲಿಲ್ಲ. ಅದನ್ನು ಕೇಳಿದೆ. ಕೊಕ್ಕರೆ ಅರ್ಧ ಕೊಡುತ್ತೇನೆ ಎಂದ. ಪೂರ್ತಿ ಬೇಕು ಎಂದೆ. "ಅದರಲ್ಲಿ ಏನಿದೆ ಆಂಟೀ?" ಎಂದ, ಪಾಪ, ಆಟ ಮರೆತು. ಏನೂ ಇಲ್ಲದಿದ್ದರೆ ಕೊಡಲು ನಿಮಗೇನು ಕಷ್ಟ ಎಂದೆ. ಅವನ ಕಡೆಯವರು ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿದರು, ಒಬ್ಬಳು ಬೇಡ ಎಂದಳು, ಇನ್ನೊಬ್ಬ ಮೇಜು ಗುದ್ದಿದ. ನಾನು ಆಕಳಿಸಿದೆ. ಗಂಟೆ ಹೊಡೆಯಿತು. ನಿಯಮದ ಪ್ರಕಾರ ಸಹಿಯಾದದ್ದು ಆಯಿತು, ಆಗದ್ದು ಇಲ್ಲ. ಸೇತುವೆ ಮುಚ್ಚಿಯೇ ಉಳಿಯಿತು. ಮೇಡಂ ಹಲಗೆಯ ಮೇಲೆ ಅಂಕ ಬರೆದರು: ನೀರು, ಮೀನು, ತಪಾಸಣೆ, ಎಲ್ಲದರಲ್ಲೂ ಹಸಿರು ದೇಶಕ್ಕೆ ಪೂರ್ತಿ; ಸೇತುವೆ ಮುಚ್ಚಿದ್ದರಿಂದ ಹಸಿರು ದೇಶಕ್ಕಾದ ನಷ್ಟ, ಅತ್ಯಲ್ಪ. ಈ ಅಭ್ಯಾಸದಲ್ಲಿ ಯಾವ ದೇಶವೂ ಇಷ್ಟು ಗಳಿಸಿದ್ದಿಲ್ಲವಂತೆ. ತರಗತಿ ಚಪ್ಪಾಳೆ ತಟ್ಟಿತು. ಕೊಕ್ಕರೆ ಕೂಡ ಬಂದು ಕೈ ಕುಲುಕಿದ. ಗಿಣಿ ನನ್ನನ್ನು ತಬ್ಬಿಕೊಂಡು, "ಆಂಟೀ, ಅಲ್ಲಿ ನಿಜವಾದ ಮಾತುಕತೆಗೆ ನಿಮ್ಮನ್ನೇ ಕಳಿಸ್ಬೇಕಿತ್ತು, ನಿಮ್ಮ ಮಗಳು ನಾಳೆನೇ ಬಂದುಬಿಡ್ತಿದ್ರು!" ಎಂದಳು.

ಮಗಳು ಎಂದಾಗ ನಿನ್ನ ನೆನಪಾಯಿತು. ಅಲ್ಲಿಯವರೆಗೆ ಆಗಿರಲಿಲ್ಲ, ಅಳಿಲೇ. ಆ ಮೇಜಿನ ಮುಂದೆ ಕೂತ ಹೊತ್ತೆಲ್ಲ ನಿನ್ನ ಮುಖ ಒಂದು ಸಲವೂ ನನ್ನ ಕಣ್ಣ ಮುಂದೆ ಬರಲಿಲ್ಲ, ಆ ಕೆಂಪು ಚುಕ್ಕೆ ಬರಲಿಲ್ಲ. ಸೇತುವೆ ತೆರೆಯಲೆಂದೇ ಹೋದವಳು ನಾನು, ಅದನ್ನು ಮುಚ್ಚಿ ಎದ್ದು ಬಂದೆ, ಅದೂ ಏನೂ ಬೆಳೆಯದ ಮರಳಿಗಾಗಿ. ಕೋಪದಿಂದ ಮುಚ್ಚಲಿಲ್ಲ, ದ್ವೇಷವಿರಲಿಲ್ಲ; ಸಂತೋಷವಾಗಿತ್ತು, ಒಳ್ಳೆಯ ವ್ಯಾಪಾರ ಕುದುರಿದ ದಿನ ಆಗುತ್ತದಲ್ಲ, ಹಾಗೆ. ಗಿಣಿಯ ಕೆನ್ನೆ ಸವರಿದೆ. ಮಗು ಅದು, ಅದರ ಪ್ರಕಾರ ನನ್ನನ್ನು ಹೊಗಳಿತ್ತು.

ಎಲ್ಲರೂ ಹೋದ ಮೇಲೆ ಮೇಡಂ ಜೊತೆ ಮೊಗಸಾಲೆಯಲ್ಲಿ ನಿಂತೆ. ಅವರು ನನ್ನ ಮುಖ ಓದಿದ್ದರು. "ನೀವು ಮಾಡಿದ್ದರಲ್ಲಿ ತಪ್ಪೇನೂ ಇಲ್ಲಮ್ಮಾ. ಅದೇ ತೊಂದರೆ" ಎಂದರು. ನಾನು ನೇರವಾಗಿ ಕೇಳಿದೆ, ಸುತ್ತಿ ಬಳಸದೆ, ನನ್ನ ಜಾಯಮಾನಕ್ಕೆ ವಿರುದ್ಧವಾಗಿ: ಇಂಥ ಸೇತುವೆಗಳು ಹೇಗೆ ತೆರೆಯುತ್ತವೆ ಮೇಡಂ, ಯಾವಾಗ? ಅವರು ಮೊದಲು ಬಾಯಿಮಾತಿಗೆ ಏನೋ ಹೇಳಲು ಹೊರಟು ನಿಲ್ಲಿಸಿದರು. ಎರಡೂ ಕಡೆಯವರಿಗೆ ಮುಚ್ಚಿಟ್ಟಿದ್ದರಿಂದ ಬರುವ ಲಾಭ ಮುಗಿಯಬೇಕು, ಇಲ್ಲವೇ ಅವರಿಬ್ಬರಿಗಿಂತ ದೊಡ್ಡವರಿಗೆ ಅದು ತೆರೆಯುವುದು ಬೇಕಾಗಬೇಕು. ಎರಡೂ ಈಗ ಕಾಣುತ್ತಿಲ್ಲ ಎಂದರು. ಆಮೇಲೆ ಬೆನ್ನಿನ ಚೀಲ ಸರಿಪಡಿಸಿಕೊಂಡು, "ನಿಮ್ಮ ಮೊಮ್ಮಗಳು ನನ್ನ ತರಗತಿಯ ವಯಸ್ಸಿಗೆ ಬರೋ ಹೊತ್ತಿಗೆ ತೆರೀಬಹುದು. ತೆರೀಬಹುದು ಅಷ್ಟೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನೇ ಅವರ ಬೆನ್ನು ತಟ್ಟಿ ಕಳಿಸಿದೆ. ಅವರಾದರೂ ಏನು ಮಾಡಿಯಾರು, ಬೆಂಚು ಮಾಡಿದವರು ಬೇರೆ, ಪಾಠ ಹೇಳುವವರು ಬೇರೆ.

ಆಮೇಲಿಂದ ನಾನು ನಿಜವಾದ ಮೇಜಿನ ಮುಂದೆ ಕೂತವರ ಬಗ್ಗೆ ಯೋಚಿಸುತ್ತಿದ್ದೇನೆ. ಇಷ್ಟು ದಿನ ಅವರಿಗೆ ಹಿಡಿಹಿಡಿ ಶಾಪ ಹಾಕಿದ್ದೆ, ಅವರ ಮನೆಯಲ್ಲಿ ಮಕ್ಕಳಿಲ್ಲವೇ ಎಂದು. ಇದ್ದಾರು. ನದಿಯಾಚೆ ಮಗಳನ್ನೇ ಬಿಟ್ಟಿರುವವಳು ನಾನಿರಲಿಲ್ಲವೇ? ಅಲ್ಲಿ ಕೂತ ಮೇಲೆ ಮಕ್ಕಳು ನೆನಪಾಗುವುದಿಲ್ಲ, ಕೈಗೆ ಬರುವ ಮುಂದಿನದು ಮಾತ್ರ ಕಾಣುತ್ತದೆ. ಪ್ರತಿದಿನ ಸಂಜೆ ಅವರೂ ಯಾರಿಗೋ "ಇರು, ಇನ್ನೊಂದು ಬರುತ್ತೆ" ಎಂದು ಹೇಳಿ, ಮನೆಗೆ ಬಂದು, ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ಅವರ ಮನೆಗೆ ಹೋಗಿ ನಾನು ಬಾಗಿಲು ತಟ್ಟಿದ್ದರೆ ಏನಾಗುತ್ತಿತ್ತು ಗೊತ್ತೇ? ನನ್ನಂಥವಳೇ ಯಾರೋ ಬಂದು ತೆರೆದು, ಕೂರಿಸಿ, ನೀರು ಕೊಟ್ಟು, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಆ ಒರೆಸುವಿಕೆಗೆ ಏನರ್ಥ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಪರೀಕ್ಷೆ ಮುಂದಿನ ವಾರವಿದೆ. ಬರೆಯುತ್ತೇನೆ, ಸೀಟು ಹಿಡಿದ ಮೇಲೆ ಬಿಡುವ ಜಾತಿ ನಾನಲ್ಲ. ಗಿಣಿ ಸಂಜೆ ಅಂಗಡಿಗೇ ಬಂದು ಓದಿಕೊಳ್ಳುತ್ತಾಳೆ, ಊಟದ ಮೇಜಿನ ಮೇಲೆ ಕಾಲು ಮಡಚಿ ಕೂತು. ಅದರಿಂದ ಆ ಮೇಜು ಇನ್ನೂ ಮಾರಾಟವಾಗಿಲ್ಲ. ಪಾಲಿಶ್ ಮಾಮನಿಗೆ ಕೈ ನಡುಗುತ್ತದೆ, ಆದರೂ ಕುಂಚ ಕೊಡು ಎಂದರೆ ಕೊಡುವುದಿಲ್ಲ, ನಡುಗಿದರೆ ಬಣ್ಣ ಸಮನಾಗಿ ಹರಡುತ್ತದೆ ಎಂದು ವಾದಿಸುತ್ತಾರೆ. ನಿನ್ನನ್ನು ಕೇಳಿದ್ದಾರೆ. ಎದುರಂಗಡಿಯ ಹಾಸಿಗೆಯವನೂ ಕೇಳಿದ. ಅವನ ಎರಡೂ ನಾಯಿಗಳು ಸತ್ತವು, ನನ್ನದಕ್ಕೆ ಕಣ್ಣು ಕಾಣುವುದಿಲ್ಲ, ಈಗ ನಾವಿಬ್ಬರೂ ಒಳ್ಳೆಯ ಸ್ನೇಹಿತರು.

ಅಳಿಯನಿಗೆ ನನ್ನ ಆಶೀರ್ವಾದ, ಅವನ ಎರಡೂ ಕಣ್ಣಿಗೆ. ಮರಿಗೆ ನನ್ನ ಲೆಕ್ಕದಲ್ಲಿ ಕೊಡಬೇಕಾದ ಮುತ್ತುಗಳನ್ನೆಲ್ಲ ನೀನೇ ಕೊಟ್ಟುಬಿಡು, ಬಾಕಿ ಇಟ್ಟುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ, ಎತ್ತಲೇಬೇಕಾದರೆ ಮಂಡಿ ಬಗ್ಗಿಸಿ ಎತ್ತು, ಸೊಂಟ ಬಗ್ಗಿಸಿ ಅಲ್ಲ. ನಿನ್ನ ಬದುಕು ತಣ್ಣಗಿರಲಿ, ಮಗಳೇ.

ಇಂತಿ,
ನಿನ್ನ ಅಮ್ಮ

ತಾ.ಕ. (ಸೋಮವಾರ): ಲಕ್ಷಣವಾಗಿ ಅಂಟಿಸಿದ್ದ ಲಕೋಟೆಯನ್ನು ನಾನೇ ಮತ್ತೆ ಒಡೆದೆ. ಇಷ್ಟೆಲ್ಲ ಬರೆದು ನಿನ್ನ ಪ್ರಶ್ನೆಗೆ ಉತ್ತರವನ್ನೇ ಬರೆಯದೆ ಅಂಟಿಸಿದ್ದೆ ನೋಡು. ಗಿರಾಕಿಯನ್ನು ಕಾಯಿಸುವ ಚಾಳಿ, ಮಗಳ ಮೇಲೂ. ಸಹಿ ಹಾಕು. ಪತ್ರ ಕೈಸೇರಿದ ದಿನವೇ ಹೋಗು, ಮರಿಯನ್ನೂ ಕರೆದುಕೊಂಡು ಹೋಗಿ ಅವಳ ಹೆಸರನ್ನು ಸರಿಯಾಗಿ ಬರೆಸು. ಪಾಸ್‌ಪೋರ್ಟ್ ಕೇಳಿದರೆ ಮೇಜಿನ ಮೇಲೆ ಇಟ್ಟು ಬಾ, ತಿರುಗಿ ನೋಡಬೇಡ. ನನ್ನ ಚಿಂತೆ ಬಿಡು. ಹಳದಿ ಬಾಗಿಲನ್ನು ಇವತ್ತು ಬೆಳಿಗ್ಗೆ ಬೀರುವಿಗೆ ಮರಳಿ ಹಾಕಿಸಿದೆ. ಸರಿಯಾಗಿ ಕೂತಿತು, ಮುಚ್ಚುವಾಗ ಮೊದಲಿನ ಹಾಗೇ ಕಿರ್ರೆನ್ನುತ್ತದೆ. ಪತ್ರ ಓದುವ ಅಣ್ಣಾ, ಈ ಕಡೆಯವರೂ, ಆ ಕಡೆಯವರೂ, ಬೇರೆ ಯಾವ ಸಾಲಿಗೆ ಬೇಕಾದರೂ ಮಸಿ ಬಳಿಯಿರಿ, ಇವಿಷ್ಟನ್ನು ಬಿಟ್ಟುಕೊಡಿ. ವರ್ಷ ಮುಗಿಯುವುದರೊಳಗೆ ಅವಳ ಕೈ ಸೇರಬೇಕು, ಬೇಗ ಕಳಿಸಿ. ನನಗೆ ಅವಸರವಿದೆ.